ಕೆಂಪು ಕಾರಿಗೆ ಹಾಕಿದ ಎಣ್ಣೆ

ನಮ್ಮ ಅಡುಗೆಮನೆಗೂ ಅಪ್ಪನ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಲ್ಲಿ ತಲೆಯೆತ್ತರಕ್ಕೆ ಒಂದು ಸಣ್ಣ ಕಿಟಕಿ. ಅಮ್ಮ ಅದರ ಮೂಲಕ ಶೆಡ್ಡಿಗೆ ಕಾಫಿ ಲೋಟ ದಾಟಿಸುತ್ತಿದ್ದಳು; ಶೆಡ್ಡಿನಿಂದ ನಮಗೆ ಬರುತ್ತಿದ್ದದ್ದು ಗೇರ್ ಎಣ್ಣೆಯ ವಾಸನೆ. ಇಂಜಿನ್ ಎಣ್ಣೆ ಅಷ್ಟು ಕಾಡುವುದಿಲ್ಲ. ಯಾವುದಾದರೂ ಲಾರಿಯ ಗೇರ್‌ಬಾಕ್ಸಿನಿಂದ ಹಳೇ ಎಣ್ಣೆ ಇಳಿಸಿದ ದಿನ ಮಾತ್ರ ಗಂಧಕ ಸುಟ್ಟಂತೆ, ಮೊಟ್ಟೆ ಕೊಳೆತಂತೆ ಒಂದು ನಾತ ಹುರುಳಿಸಾರಿನ ಒಗ್ಗರಣೆಯನ್ನೂ ಮೆಟ್ಟಿ ಮೂರೂ ಕೋಣೆಗೆ ಹಬ್ಬುತ್ತಿತ್ತು. ಅಮ್ಮ ಹಿಂದೂಪುರದ ಕಡೆಯವಳು, ರೇಗಿದರೆ ತೆಲುಗಿಗೆ ಹೊರಳುತ್ತಿದ್ದಳು. ‘ಅಬ್ಬಾ, ಏಮಿ ಕಂಪು!’ ಎಂದು ಸೆರಗು ಮೂಗಿಗೆ ಹಿಡಿಯುವಳು. ಅವಳ ತೆಲುಗಿನಲ್ಲಿ ಕಂಪು ಎಂದರೆ ನಾತ, ನನ್ನ ಕನ್ನಡದಲ್ಲಿ ಪರಿಮಳ. ನನಗಂತೂ ಆ ವಾಸನೆ ಅಪ್ಪ ಮನೆಯಲ್ಲಿದ್ದಾನೆ ಎಂಬುದರ ಗುರುತಾಗಿತ್ತು. ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಮೂಗು ಅವನನ್ನು ಹುಡುಕುತ್ತಿತ್ತು.

ಗೌರಿಬಿದನೂರಿನಲ್ಲಿ ಅಪ್ಪನಿಗೆ ಗೇರ್‌ಬಾಕ್ಸ್ ನಾರಾಯಣಪ್ಪ ಎಂದೇ ಹೆಸರು. ಗೇರಿನ ಕೋಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಗಾಡಿಯನ್ನು ಹತ್ತು ಮಾರು ಓಡಿಸಿ, ಒಳಗೆ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಚಿಂತಾಮಣಿಯಿಂದ, ಚಿಕ್ಕಬಳ್ಳಾಪುರದಿಂದ ಗಾಡಿಗಳು ಬರುತ್ತಿದ್ದವು. ಶೆಡ್ಡಿನಲ್ಲಿ ಅವನ ಜೊತೆ ದುಡಿಯುತ್ತಿದ್ದವನು ಅವನ ತಮ್ಮ ಮುನಿರಾಜು ಚಿಕ್ಕಪ್ಪ. ತಂದೆತಾಯಿ ಬೇಗ ಹೋದದ್ದರಿಂದ ಅಪ್ಪನೇ ಅವನನ್ನು ಸಾಕಿ, ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದ. ತಮ್ಮ ಪಕ್ಕದಲ್ಲಿ ಬಂದು ಕೂರದೆ ಅಪ್ಪ ಮುದ್ದೆಗೆ ಕೈ ಇಡುತ್ತಿರಲಿಲ್ಲ. ಬೆಳಿಗ್ಗೆ ಹಜಾರದಲ್ಲಿ ನನ್ನದೊಂದು ಕೆಲಸವಿತ್ತು. ಅಪ್ಪ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುವನು, ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪೇಪರು ಜೋರಾಗಿ ಓದಬೇಕು. ನನ್ನ ಉಚ್ಚಾರ ತಿದ್ದಲೆಂದು ಅಪ್ಪ ದಿನಾ ಪರೀಕ್ಷೆ ಮಾಡುತ್ತಾನೆ ಎಂದುಕೊಂಡಿದ್ದೆ. ಎಲ್ಲ ಬಲ್ಲ ಅಪ್ಪನ ಮುಂದೆ ಓದುವುದೆಂದರೆ ನನಗೆ ಹೆಮ್ಮೆ, ಸ್ವಲ್ಪ ಭಯ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆ ಕಾರು ಬಂತು. ಎರಡೇ ಸೀಟು, ಕುಂಕುಮದ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬೀದಿಯ ಉಬ್ಬು ದಾಟಿಸಲು ನಾಲ್ಕು ಜನ ಹಲಗೆ ಹಾಸಬೇಕಾಯಿತು. ಓಡಿಸಿಕೊಂಡು ಬಂದವರು ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿ ನಜೀರ್ ಸಾಹೇಬರು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ತಲೆಗೆ ಟೋಪಿ. ಹುಡುಗನಾಗಿದ್ದಾಗಿನಿಂದ ಅಂಥದೊಂದು ಕಾರಿನ ಆಸೆಯಂತೆ. ಬೆಂಗಳೂರಿನಲ್ಲಿ ಯಾರೋ ವಿದೇಶದಿಂದ ತರಿಸಿ, ಓಡಿಸಿ ಬಿಟ್ಟದ್ದನ್ನು ಈಗ ಕೊಂಡಿದ್ದರು. ಬೆಳಗಿನ ಚಳಿಯಲ್ಲಿ ಎರಡನೇ ಗೇರು ಗಟ್ಟಿ, ಬೀಳುವುದೇ ಇಲ್ಲ ಎನ್ನುವುದು ಅವರ ದೂರು. ಅಪ್ಪ ಒಂದು ಸುತ್ತು ಓಡಿಸಿ ಬಂದ.

‘ಗೇರ್‌ಬಾಕ್ಸ್ ಚೆನ್ನಾಗೈತೆ ಸಾಹೇಬ್ರೇ. ಎಣ್ಣೆ ಸತ್ತೋಗೈತೆ. ಬದಲಾಯ್ಸಿದ್ರೆ ಸಾಕು.’

‘ಯಾವ ಎಣ್ಣೆ ಅಂತ ಕಂಪನಿ ಪುಸ್ತಕದಲ್ಲಿದೆ ಮೇಸ್ತ್ರಿ. ಓದಿ ನೋಡಿ ಹಾಕಿ. ಇದು ಲಾರಿ ಅಲ್ಲ, ನಾಜೂಕು ಗಾಡಿ.’

‘ಓದ್ತೀನಿ ಬಿಡಿ,’ ಎಂದ ಅಪ್ಪ. ದಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಸೀದಾ ಹಜಾರಕ್ಕೆ ಬಂದು, ಹೋಂವರ್ಕ್ ಬರೆಯುತ್ತಿದ್ದ ನನ್ನ ಮುಂದೆ ಇಟ್ಟ.

‘ಪದ್ಮಮ್ಮ, ಗೇರ್ ಆಯಿಲ್ ಅಂತ ಎಲ್ಲೈತೆ ನೋಡು. ನಂದು ಕೈ ಜಿಡ್ಡು, ಪುಸ್ತಕ ಹಾಳಾಗ್ತೈತೆ.’

ಸರ್ಕಾರಿ ಕನ್ನಡ ಶಾಲೆಯ ಹುಡುಗಿ ನಾನು, ಇಂಗ್ಲಿಷು ಶುರುವಾಗಿ ಎರಡು ವರ್ಷವಾಗಿತ್ತು. ಗೇರ್, ಆಯಿಲ್ ಎರಡೂ ಸಿಕ್ಕವು. ಪಕ್ಕದಲ್ಲಿ ಜಿಎಲ್-4 ಎಂದಿತ್ತು, ಅದನ್ನು ಓದಿ ಹೇಳಿದೆ. ಅದರ ಕೆಳಗೆ ಕಪ್ಪು ಗೆರೆಯ ಚೌಕದೊಳಗೆ ಎರಡು ಉದ್ದುದ್ದ ಸಾಲು. ಒಂದೊಂದು ಪದವೂ ನನ್ನ ಬಾಯಿಗಿಂತ ದೊಡ್ಡದಿತ್ತು. ಅಪ್ಪ ಕರಿ ಬೆರಳನ್ನು ಪುಟಕ್ಕೆ ತಾಗಿಸದೆ ಆ ಚೌಕದ ಮೇಲೆ ಹಿಡಿದ.

‘ಇದೇನಮ್ಮ, ಗೆರೆ ಎಳ್ದು ಬರ್ದವ್ರಲ್ಲ?’

ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ದಿನಾ ಬೆಳಿಗ್ಗೆ ಪೇಪರನ್ನು ನೀರಿನಂತೆ ಓದುವವಳು ನಾನು.

‘ಅದು ಕಂಪನಿ ಅಡ್ರೆಸ್ಸು ಕಣಪ್ಪ.’

ಅಪ್ಪ ತಲೆಯಾಡಿಸಿದ. ಚಿಕ್ಕಪ್ಪ ಅಂಗಡಿಗೆ ಹೋಗಿ, ಲಾರಿಗಳಿಗೆ ನಾವು ಹಾಕುತ್ತಿದ್ದ ಜಾತಿಯದೇ ಹೊಸ ಡಬ್ಬ ತಂದ. ಅದರ ಮೇಲೆ ಜಿಎಲ್-5 ಎಂದಿತ್ತು. ನಾಲ್ಕರದು ಊರಿನಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು ಎಂದು ಅಂಗಡಿಯವನು ಹೇಳಿದ್ದನಂತೆ. ಅಪ್ಪ ನನ್ನತ್ತ ನೋಡಿದ. ನಾಲ್ಕಕ್ಕಿಂತ ಐದು ದೊಡ್ಡದಲ್ಲವೇ? ಜಾಸ್ತಿ ಒಳ್ಳೆಯದೇ ಇರಬೇಕು ಎಂದೆ. ಚಿಕ್ಕಪ್ಪ ಮಾತ್ರ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತ.

‘ಅಣ್ಣ, ಪುಸ್ತಕ ಕೊಡು, ಒಂದ್ಸಲ ನೋಡಣ. ನಾಲ್ಕು ಅಂದಿರೋ ಕಡೆ ಐದು ಹಾಕ್ಬೋದಾ ಅಂತ.’

‘ನಾನ್ ಓದಿದೀನಿ ಕಣೋ. ನೀನ್ ಹಾಕು.’

ಅಂದಿನ ಕೆಲಸವನ್ನು ಗಾಡಿಯ ಅಡಿಯಲ್ಲಿ ನಿಂತು ಕೆಲಸ ಮಾಡಲು ಶೆಡ್ಡಿನಲ್ಲಿ ತೋಡಿದ್ದ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಎಣ್ಣೆ ಬಿಸಿಯಾಗಿ ಸಲೀಸಾಗಿ ಇಳಿಯಲೆಂದು ಕಾರನ್ನು ಊರಾಚೆಯ ಕುಡುಮಲಕುಂಟೆವರೆಗೆ ಓಡಿಸಿ ತಂದರು. ಅಪ್ಪನದೊಂದು ಕಟ್ಟಪ್ಪಣೆ ಇತ್ತು: ಎಣ್ಣೆ ತುಂಬುವ ಬೋಲ್ಟು ಮೊದಲು ಬಿಚ್ಚಬೇಕು, ಇಳಿಸುವ ಬೋಲ್ಟು ಆಮೇಲೆ. ಮೇಲಿನದು ಕಚ್ಚಿಕೊಂಡು ಕೂತರೆ, ಖಾಲಿಯಾದ ಗೇರ್‌ಬಾಕ್ಸಿಗೆ ಎಲ್ಲಿಂದ ಸುರಿಯುತ್ತೀಯ ಎಂದು ಕೇಳುತ್ತಿದ್ದ. ಹಳೇ ಎಣ್ಣೆ ಕಾಕಂಬಿಯಂತೆ ಇಳಿಯಿತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಹತ್ತಿದ್ದ ಕಬ್ಬಿಣದ ಮಸಿಯನ್ನು ಒರೆಸಿ, ಹೊಸ ತಾಮ್ರದ ವಾಷರ್ ಹಾಕಿ ಬಿಗಿದರು. ಮೇಲಿನ ತೂತಿನಿಂದ ಎಣ್ಣೆ ಹೊರಚೆಲ್ಲುವವರೆಗೆ ತುಂಬಿ, ಚೆಲ್ಲುವುದು ನಿಂತ ಮೇಲೆ ಮುಚ್ಚಿದರು. ಕಾರು ಹಂಸದಂತೆ ಹೋಯಿತು. ಸಾಹೇಬರು ಕಿಟಕಿಯಿಂದ ಕೈ ಹೊರಹಾಕಿ ನನಗೂ ಸಲಾಮು ಮಾಡಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದಾಗ, ಬೀದಿಯ ತಿರುವಿನಲ್ಲಿ ಕರಕರ ಎಂಬ ಸದ್ದು. ಬಂಡೆಯ ಮೇಲೆ ಕಬ್ಬಿಣ ತೇದಂತೆ. ಅಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಕಾರು ಕಣ್ಣಿಗೆ ಬೀಳುವ ಮೊದಲೇ ಅವನು ಎದ್ದು ಹೊರಗೆ ಓಡಿದ್ದ. ಸಾಹೇಬರ ಮುಖ ಬೆವರಿತ್ತು.

‘ಎರಡನೇ ಗೇರು, ಮೂರನೇ ಗೇರು ಎರಡೂ ಅರಚುತ್ತವೆ ಮೇಸ್ತ್ರಿ. ಏನು ಹಾಕಿದ್ರಿ ಒಳಗೆ?’

ಎಣ್ಣೆ ಇಳಿಸಿದರು. ಅಮ್ಮನ ಬಿಳಿ ಪಿಂಗಾಣಿ ಬೋಗುಣಿಯನ್ನು ಚಿಕ್ಕಪ್ಪ ಕಿಟಕಿಯಿಂದಲೇ ಕೇಳಿ ತೆಗೆದುಕೊಂಡಿದ್ದ. ಅದನ್ನು ಬಿಸಿಲಿಗೆ ತಂದಿಟ್ಟಾಗ ಎಣ್ಣೆಯ ತುಂಬ ಚಿನ್ನದ ಪುಡಿ ಮಿನುಗುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದು ಬಾಯಿಬಿಡುವಷ್ಟರಲ್ಲಿ ಅಪ್ಪನ ಮುಖ ನೋಡಿದೆ. ಸತ್ತ ಸುದ್ದಿ ಕೇಳಿದವರ ಮುಖ ಹಾಗಿರುತ್ತದೆ. ಅದು ಗೇರ್‌ಬಾಕ್ಸಿನೊಳಗಿನ ಹಿತ್ತಾಳೆ ರಿಂಗುಗಳ ಪುಡಿ. ಗೇರು ಬದಲಿಸುವಾಗ ಎರಡು ಚಕ್ರಗಳ ವೇಗ ಸರಿಹೊಂದಿಸಿ ಸದ್ದಿಲ್ಲದೆ ಕೂಡಿಸುವುದು ಆ ರಿಂಗುಗಳು. ಸಾಹೇಬರು ಕಾರಿನಿಂದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಆ ಪುಟ ಹುಡುಕಿದರು. ಅವರ ಬೆರಳು ಬಂದು ನಿಂತದ್ದು ಕಪ್ಪು ಗೆರೆಯ ಚೌಕದ ಮೇಲೆ.

‘ಅರೆ, ಇಲ್ಲಿ ಸಾಫ್ ಬರೆದಿದ್ದಾರಲ್ಲ! ಜಿಎಲ್-5 ಹಾಕಲೇಬೇಡಿ. ಅದರಲ್ಲಿರೋ ಮದ್ದು ಹಿತ್ತಾಳೆ ತಿನ್ನುತ್ತೆ, ಜಾರಿಕೆ ಹೆಚ್ಚಾಗಿ ರಿಂಗಿಗೆ ಹಿಡಿತ ಸಿಗಲ್ಲ ಅಂತ. ಓದಿದೆ ಅಂದ್ರಲ್ಲ ಮೇಸ್ತ್ರಿ?’

ಅಡ್ರೆಸ್ಸು. ನಾನು ಅಡ್ರೆಸ್ಸು ಎಂದಿದ್ದೆ. ಈಗ ಅಪ್ಪ ತಿರುಗಿ ನನ್ನನ್ನು ಕರೆಯುತ್ತಾನೆ ಎಂದು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅಪ್ಪ ತಿರುಗಿದ. ನನ್ನ ಕಡೆಗಲ್ಲ. ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನ ಕೆನ್ನೆಗೆ ಫಟಾರನೆ ಬಾರಿಸಿದ.

‘ಇವನಿಗೆ ಹೇಳಿದ್ದೆ ಸಾಹೇಬ್ರೇ, ನಾಲ್ಕರದು ತಾರೋ ಅಂತ. ಯಾವುದೋ ಡಬ್ಬ ತಂದು ಸುರ್ದವ್ನೆ.’

ನಮ್ಮ ಮನೆಯಲ್ಲಿ ಕೂಗಾಟ ಇತ್ತು, ಹೊಡೆತ ಇರಲಿಲ್ಲ. ಅಪ್ಪ ತಮ್ಮನ ಮೇಲೆ ಕೈ ಎತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಿಟಕಿಯ ಆಚೆ ಅಮ್ಮನ ಬಳೆಯ ಸದ್ದು ನಿಂತುಹೋಯಿತು. ಚಿಕ್ಕಪ್ಪನ ಕೆನ್ನೆಯ ಮೇಲೆ ಎಣ್ಣೆಯ ಐದು ಬೆರಳು ಮೂಡಿದ್ದವು. ಅವನು ಅಪ್ಪನನ್ನು ಒಂದು ಗಳಿಗೆ ನೋಡಿದ. ಸಿಟ್ಟಿನ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅದು ಸಿಟ್ಟಲ್ಲ, ಏನೆಂದು ಆಗ ನನಗೆ ತಿಳಿಯಲಿಲ್ಲ.

‘ಹೌದು ಸಾಹೇಬ್ರೇ, ನಂದೇ ತಪ್ಪು,’ ಎಂದ.

ಸಾಹೇಬರು ಒಳ್ಳೆಯವರು. ರಿಂಗುಗಳನ್ನು ತರಿಸಿ ಕೊಡುತ್ತೇನೆ, ನೀವೇ ಸರಿಮಾಡಿ ಎಂದು ಹೇಳಿ, ಕಾರು ಬಿಟ್ಟು ಬಸ್ಸಿಗೆ ನಡೆದರು. ಚಿಕ್ಕಪ್ಪ ನಲ್ಲಿಯ ಕೆಳಗೆ ಮುಖ ತೊಳೆದ, ಎರಡು ಷರಟು, ಒಂದು ಟವೆಲು ಚೀಲಕ್ಕೆ ತುಂಬಿಕೊಂಡ. ಅಮ್ಮ ಬಾಗಿಲಿಗೆ ಅಡ್ಡ ನಿಂತು ಉಂಡಾದರೂ ಹೋಗು ಎಂದಳು. ಅವನು ‘ಬರ್ತೀನಿ ಅತ್ತಿಗೆ’ ಎಂದಷ್ಟೇ ಹೇಳಿ, ಅವಳ ಪಕ್ಕದಿಂದ ಸರಿದು ಹೋದ. ನಾನು ಬಾಯಿ ಬಿಡಲಿಲ್ಲ. ಒಂದು ಮಾತು ಸಾಕಿತ್ತು.

ಅವನು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಗೆಳೆಯರ ಕೋಣೆಯಲ್ಲಿದ್ದಾನೆ ಎಂಬ ಸುದ್ದಿ ಮೂರನೇ ದಿನ ಬಂತು. ಮನೆಯಲ್ಲಿ ಊಟ ಶಾಸ್ತ್ರಕ್ಕೆ ನಡೆಯುತ್ತಿತ್ತು. ಅಮ್ಮ ಅಪ್ಪನ ತಟ್ಟೆಗೆ ಬಡಿಸುತ್ತಿದ್ದಳು, ಇನ್ನೂ ಬೇಕೇ ಎಂದು ಕೇಳುತ್ತಿರಲಿಲ್ಲ. ಬೆಳಗಿನ ಪೇಪರು ಸುರುಳಿ ಬಿಚ್ಚದೆ ಹಜಾರದ ಮೂಲೆಯಲ್ಲಿ ಒಂದರ ಮೇಲೊಂದು ಬೀಳುತ್ತಿತ್ತು. ಓದು ಎಂದು ಅಪ್ಪ ಕರೆಯಲಿಲ್ಲ, ಓದಲೇ ಎಂದು ನಾನೂ ಕೇಳಲಿಲ್ಲ. ಶೆಡ್ಡಿನಲ್ಲಿ ಕೆಂಪು ಕಾರು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದರ ಪಕ್ಕ ಹಾಯುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಎಂಟನೇ ದಿನ, ಭಾನುವಾರ ಬೆಳಿಗ್ಗೆ, ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಎದುರು ಕೂತವಳು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಚೌಕದ ಸಾಲು ಓದಲು ಬರಲಿಲ್ಲ, ಅಡ್ರೆಸ್ಸು ಎಂದು ಸುಳ್ಳು ಹೇಳಿದೆ, ಐದು ಒಳ್ಳೆಯದು ಎಂದವಳೂ ನಾನೇ. ಅಮ್ಮ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳ ಕೈಯಿಂದ ಕಾಯಿ ಜಾರಿ ಬಿತ್ತು.

‘ನಿನ್ನನ್ನ ಯಾಕೆ ಕೇಳಿದ್ರೇ? ಮುನಿರಾಜನ್ನ ಕೇಳ್ಬಾರ್ದಾಗಿತ್ತಾ?’ ಎಂದು ತನಗೆ ತಾನೇ ಗೊಣಗಿಕೊಂಡು, ಆಮೇಲೆ ನನ್ನನ್ನು ನೋಡಿದಳು. ‘ನಿಮ್ಮಪ್ಪಂಗೆ ಓದಕ್ಕೆ ಬರಲ್ಲ ಕಣೇ.’

‘ಇಂಗ್ಲಿಷಾ?’

‘ಯಾವ್ದೂ ಬರಲ್ಲ. ಒಂದಕ್ಷರಾನೂ ಬರಲ್ಲ. ಸೈನು ಹಾಕ್ತಾರಲ್ಲ, ಅದು ಚಿತ್ರ ಬರ್ದಂಗೆ ಕಲ್ತಿರೋದು. ತಮ್ಮಂಗೆ ಗೊತ್ತಾಗ್ಬಾರ್ದು, ನಿಂಗೆ ಗೊತ್ತಾಗ್ಬಾರ್ದು ಅಂತ ನನ್ ಕೈಲಿ ಆಣೆ ಹಾಕ್ಸಿದ್ರು.’

ಅಪ್ಪ ನನ್ನ ಓದಿನ ಪರೀಕ್ಷೆ ಮಾಡುತ್ತಿರಲಿಲ್ಲ. ಸುದ್ದಿ ಕೇಳಿಸಿಕೊಳ್ಳುತ್ತಿದ್ದ, ಅಷ್ಟೇ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಅದರ ಹಿಂದೆಯೇ ಬಂತು. ಪುಸ್ತಕ ಓದಿದವಳು ನಾನೊಬ್ಬಳೇ ಎಂಬುದು ಅಪ್ಪನಿಗೆ ಗೊತ್ತಿತ್ತು. ಚಿಕ್ಕಪ್ಪನದು ತಪ್ಪಿಲ್ಲ ಎಂದು ಹೊಡೆಯುವಾಗಲೇ ಗೊತ್ತಿತ್ತು. ನನ್ನನ್ನು ಕಾಪಾಡಲೆಂದು ಹೊಡೆದನೇ, ತನ್ನ ಗುಟ್ಟು ಕಾಪಾಡಲೆಂದೇ? ಅಂದು ಎರಡನೆಯದೇ ನಿಜ ಎನಿಸಿತು. ಎಲ್ಲ ಬಲ್ಲ ನನ್ನ ಅಪ್ಪ ಆ ಅಡುಗೆಮನೆಯಲ್ಲಿ, ಅವರೆ ಸಿಪ್ಪೆಯ ಮಧ್ಯೆ, ಇಲ್ಲವಾದ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಸೀದಾ ಶೆಡ್ಡಿಗೆ ನಡೆದಳು. ಮದುವೆಯಾಗಿ ಬಂದ ಮೇಲೆ ಅವಳು ಶೆಡ್ಡಿನೊಳಗೆ ಕಾಲಿಟ್ಟದ್ದು ಆಯುಧಪೂಜೆಗೆ ಮಾತ್ರ.

‘ಸಿಗ್ಗು ಲೇದಾ ಮೀಕು? ನಾಚ್ಕೆ ಆಗಲ್ವಾ? ಓದಕ್ಕೆ ಬರ್ದಿದ್ರೆ ಬರ್ದಿದ್ ಹೋಗ್ಲಿ. ಹೆತ್ತ ಮಗನಂಗೆ ಸಾಕಿದ್ ತಮ್ಮನ ಕೆನ್ನೆಗೆ ಹೊಡೆದ್ರಲ್ಲ, ಅವನಿಗೇನ್ ಹೇಳ್ತೀರಾ? ಮಗು ಎಂಟ್ ದಿನದಿಂದ ಒಳಗೊಳಗೇ ಬೇಯ್ತೈತೆ, ಅದಕ್ಕೇನ್ ಹೇಳ್ತೀರಾ?’

ಅಪ್ಪ ಗುಂಡಿಯೊಳಗೆ ನಿಂತಿದ್ದ, ತಲೆ ಮಾತ್ರ ಮೇಲೆ ಕಾಣುತ್ತಿತ್ತು. ಅಮ್ಮನ ಹಿಂದೆ ನಾನಿರುವುದನ್ನು ನೋಡಿ, ನನಗೂ ತಿಳಿಯಿತೆಂದು ಅವನಿಗೆ ಅರ್ಥವಾಯಿತು. ಸ್ಪ್ಯಾನರನ್ನು ಅಂಚಿನ ಮೇಲೆ ಸದ್ದಾಗದಂತೆ ಇಟ್ಟು ಮೇಲೆ ಬಂದ. ಕೈಯನ್ನೂ ತೊಳೆಯಲಿಲ್ಲ.

‘ಸ್ಕೂಟರ್ ಹತ್ತಮ್ಮ,’ ಎಂದ.

ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿಯ ಗೇಟಿನ ಎದುರು ಪಾಳಿ ಬದಲಾಗುವ ಹೊತ್ತು. ನೀಲಿ ಷರಟಿನ ಚಿಕ್ಕಪ್ಪ ಏಳೆಂಟು ಜನರ ಜೊತೆ ಟೀ ಕುಡಿಯುತ್ತಿದ್ದ. ನಮ್ಮನ್ನು ಕಂಡು ಲೋಟ ಕೆಳಗಿಟ್ಟು ಎದ್ದುನಿಂತ. ಪಕ್ಕಕ್ಕೆ ಕರೆದು ಮಾತಾಡಬಹುದಿತ್ತು. ಅಪ್ಪ ಹಾಗೆ ಮಾಡಲಿಲ್ಲ, ಎಲ್ಲರ ಎದುರಿಗೇ ಹೇಳಿದ.

‘ಮುನಿರಾಜು, ನಿಂದೇನೂ ತಪ್ಪಿಲ್ಲ. ನಂಗೆ ಓದಕ್ಕೆ ಬರಲ್ಲ ಕಣೋ. ಯಾವತ್ತೂ ಬರ್ತಿರ್ಲಿಲ್ಲ.’

ಟೀ ಕುಡಿಯುತ್ತಿದ್ದವರು ಎಲ್ಲಿ ನೋಡಬೇಕೆಂದು ತಿಳಿಯದೆ ಲೋಟಗಳೊಳಗೆ ನೋಡಿಕೊಂಡರು.

‘ಗೊತ್ತಣ್ಣ,’ ಎಂದ ಚಿಕ್ಕಪ್ಪ.

‘ಏನ್ ಗೊತ್ತು?’

‘ನಾನ್ ಎರಡ್ನೇ ಕ್ಲಾಸಲ್ಲಿದ್ದಾಗ ದಿನಾ ಸಂಜೆ ನೀನ್ ಪಾಠ ಒಪ್ಸು ಅಂತ ಕೂರಿಸ್ಕೊಂತಿದ್ದೆ, ಪುಸ್ತಕ ನಿನ್ ಕೈಲಿ ಇರ್ತಿತ್ತು. ಒಂದಿನ ಬೇಕಂತಲೇ ಪುಸ್ತಕದಾಗೆ ಇಲ್ದಿರೋ ಕತೆ ಕಟ್ಟಿ ಹೇಳ್ದೆ. ನೀನ್ ಪೂರ್ತಿ ಕೇಳಿ ಭೇಷ್ ಅಂದೆ. ಅವತ್ತಿಂದ ಗೊತ್ತು.’

ಅಪ್ಪ ಸ್ಕೂಟರಿನ ಸೀಟು ಹಿಡಿದುಕೊಂಡ. ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟಿದ್ದನೋ ಅವನಿಗೇ ಎಲ್ಲ ಗೊತ್ತಿತ್ತು.

‘ಮತ್ತೆ ಅವತ್ತು ಯಾಕೋ ತಪ್ಪು ಒಪ್ಕೊಂಡೆ?’

‘ನಾನಲ್ಲ ಅಂದಿದ್ರೆ, ಹಂಗಾದ್ರೆ ಪುಸ್ತಕ ಓದಿದ್ಯಾರು ಅಂತ ಸಾಹೇಬ್ರು ಕೇಳ್ತಿದ್ರು. ಊರಿಗೆಲ್ಲ ಗೊತ್ತಾಗ್ತಿತ್ತು. ಹೊಡೆದಿದ್ದಕ್ಕೆ ನಂಗೆ ಬೇಜಾರಿಲ್ಲಣ್ಣ. ಎಂಟ್ ದಿನ ಬರ್ಲಿಲ್ವಲ್ಲ, ಅದಕ್ಕೆ.’

ಚಿಕ್ಕಪ್ಪನ ಆ ದಿನದ ನೋಟ ಏನೆಂದು ಆಗ ನನಗೆ ಅರ್ಥವಾಯಿತು. ಅಣ್ಣನ ಮರ್ಯಾದೆ ಉಳಿಯಲಿ ಎಂದು ಅವನು ಯೋಚಿಸುತ್ತಿದ್ದ. ನಾನು ಅವನ ಸೊಂಟ ತಬ್ಬಿಕೊಂಡು, ಅಡ್ರೆಸ್ಸು ಎಂದು ಸುಳ್ಳು ಹೇಳಿದ್ದು ನಾನು ಎಂದು ಅತ್ತೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಮನೆಗೆ ಬಾ ಎಂದು ಅಪ್ಪ ಕೇಳಿಕೊಂಡಾಗ ಮಾತ್ರ ಒಪ್ಪಲಿಲ್ಲ.

‘ಕೋಪಕ್ಕಲ್ಲಣ್ಣ. ಇಲ್ಲೂ ಕೆಲ್ಸ ಚೆನ್ನಾಗೈತೆ. ಮುಂದಿನ್ ಭಾನ್ವಾರ ಬಂದು ಗೇರ್‌ಬಾಕ್ಸ್ ಕಟ್ಟಣ. ಅಷ್ಟರಾಗೆ ಸರಿಯಾದ್ ಎಣ್ಣೆ ತರ್ಸಿಡು. ಅಂಗಡೀಲಿ ನೀನೇ ಕೇಳು.’

ಕಾರಿನ ಕತೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಭಾನುವಾರ ಅವನು ಬಂದ. ಹೊಸ ರಿಂಗು ಕೂಡಿಸಿ, ಹೊಸ ಎಣ್ಣೆ ತುಂಬಿದರು. ಎರಡನೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ನಡೆದದ್ದನ್ನು ಅಪ್ಪ ತಾನೇ ಹೇಳಿದಾಗ ಸಾಹೇಬರು ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಂಡರು. ಚಿಕ್ಕಪ್ಪ ನಮ್ಮ ಜೊತೆ ಉಂಡು ಕುಡುಮಲಕುಂಟೆಗೆ ಹಿಂದಿರುಗಿದ. ಮತ್ತೆ ನಮ್ಮ ಮನೆಯಲ್ಲಿ ವಾಸಕ್ಕೆ ಬರಲೇ ಇಲ್ಲ. ಬಂದು ಹೋಗುವ ನೆಂಟನಾದ. ಆ ನಷ್ಟ ನನ್ನಿಂದಾದದ್ದು. ಯಾರು ಏನೇ ಸಮಾಧಾನ ಹೇಳಿದರೂ ಅದನ್ನು ನಾನು ಬೇರೆಯವರ ತಲೆಗೆ ಕಟ್ಟಿಲ್ಲ.

ಆದರೆ ಅಂದು ಫ್ಯಾಕ್ಟರಿಯ ಗೇಟಿನಿಂದ ಹಿಂದಿರುಗುವಾಗ ಅಪ್ಪ ಮನೆಯ ಕಡೆ ತಿರುಗದೆ ಎಣ್ಣೆ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದ. ನನ್ನನ್ನು ಕಳಿಸುತ್ತಾನೆ ಎಂದುಕೊಂಡೆ. ಸೀಟಿನ ಕೆಳಗಿನಿಂದ ಕಂಪನಿ ಪುಸ್ತಕ ತೆಗೆದ. ಅದನ್ನು ಯಾವಾಗ ಅಲ್ಲಿಟ್ಟಿದ್ದನೋ ತಿಳಿಯದು. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳು, ಎಲ್ಲರೂ ಅವನನ್ನು ಬಲ್ಲವರು, ಮೇಸ್ತ್ರಿ ಬಂದರೆಂದು ಜಾಗ ಬಿಟ್ಟರು. ಅಪ್ಪ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

‘ನಂಗೆ ಓದಕ್ಕೆ ಬರಲ್ಲ. ಇದ್ರಾಗೆ ಗೇರ್ ಎಣ್ಣೆ ಬಗ್ಗೆ ಏನ್ ಬರ್ದವ್ರೆ ಅಂತ ಓದಿ ಹೇಳಿ. ಅದನ್ನೇ ತರ್ಸಿಕೊಡಿ.’

ಅಂಗಡಿಯವನು ತಮಾಷೆಯೆಂದು ನಕ್ಕ. ಅಪ್ಪನ ಮುಖ ನೋಡಿ ನಗು ನಿಂತಿತು. ನಾನು ಅಪ್ಪನ ಷರಟಿನ ಅಂಚು ಹಿಡಿದುಕೊಂಡೆ. ಅಂಗಡಿಯವನು ಚೌಕದೊಳಗಿನ ಎರಡೂ ಸಾಲನ್ನು ಒಂದೊಂದೇ ಪದ ಬಿಡಿಸಿ ಕನ್ನಡದಲ್ಲಿ ಹೇಳಿದ. ಓದಿ ಮುಗಿಸಿ ಪುಸ್ತಕ ಮುಚ್ಚುವಷ್ಟರಲ್ಲಿ, ನಮ್ಮ ಹಿಂದೆ ನಿಂತಿದ್ದ ಟ್ರ್ಯಾಕ್ಟರ್ ಮಾಲೀಕರೊಬ್ಬರು ಮುಂದೆ ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಜೇಬಿನಿಂದ ಮಡಚಿ ಮಡಚಿ ಬೆವರಿಗೆ ಮೆತ್ತಗಾಗಿದ್ದ ಒಂದು ಕಾಗದ ತೆಗೆದು, ಅಪ್ಪನ ಪುಸ್ತಕದ ಪಕ್ಕದಲ್ಲಿಟ್ಟರು.

‘ನಂದೂ ಒಂದು ಓದಿ ಹೇಳಪ್ಪ,’ ಎಂದರು. ‘ಮಗಳು ಬರ್ದವ್ಳೆ. ಕಾಗ್ದ ಬಂದು ತಿಂಗಳಾಯ್ತು.’